ಲಿಫ್ಟಣ್ಣನ ಎರಡನೇ ಕೀ

ಸಾವಿನ ಮನೆಯ ಕತೆಯನ್ನು ನಗುವ ಬಾಯಲ್ಲಿ ಹೇಳುವುದು ಸರಿಯೋ ತಪ್ಪೋ, ತಿಳಿದವರು ಹೇಳಬೇಕು. ಇನ್ನೂ ಚೆನ್ನಾಗಿ ಹೇಳಬಲ್ಲವರು ಖಂಡಿತ ಇದ್ದಾರೆ. ಆದರೆ ಅವತ್ತು ಅಲ್ಲಿದ್ದವರೆಲ್ಲ ನಕ್ಕಿದ್ದಂತೂ ನಿಜ. ಹೇಳುವುದರಲ್ಲಿ ಹೆಚ್ಚುಕಮ್ಮಿಯಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಇಸ್ತ್ರಿ ಅಕ್ಕ ಗಂಡನ ಅಂಗಿಯನ್ನು ಬಕೆಟ್ಟಿಗೆ ಅದ್ದುವ ಮುಂಚೆ ಜೇಬಿಗೆ ಕೈ ಹಾಕಿದಳು. ಅದು ಕಸುಬಿನ ಅಭ್ಯಾಸ. ಬೀದಿಯ ತುದಿಯಲ್ಲಿ ಲಾಂಡ್ರಿ ಇಟ್ಟುಕೊಂಡು ಅಕ್ಕಪಕ್ಕದವರ ಬಟ್ಟೆಯನ್ನೆಲ್ಲ ಒಗೆದು ಇಸ್ತ್ರಿ ಮಾಡಿಕೊಡುವವಳು. ಜೇಬು ನೋಡದೆ ಒಂದು ಅಂಗಿಯನ್ನೂ ನೀರಿಗೆ ಬಿಟ್ಟವಳಲ್ಲ. ಬಸ್ಸಿನ ಟಿಕೇಟು, ಅರ್ಧ ತಿಂದ ಬಿಸ್ಕತ್ತು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಏನೇನೋ ಸಿಕ್ಕಿದ್ದವು. ಈ ಸಲ ಕೈಗೆ ಬಂದದ್ದು ಮೋಟರ್ ಸೈಕಲ್ಲಿನ ಕೀ.

ಅದಕ್ಕೆ ಕಟ್ಟಿದ್ದ ಕಂದು ಚರ್ಮದ ಪಟ್ಟಿಯನ್ನು ಆಕೆಯೇ ಹೊಲಿದುಕೊಟ್ಟಿದ್ದಳು. ಗಾಡಿ ಮಾರಿ ಎಂಟೊಂಬತ್ತು ವರ್ಷವಾಗಿತ್ತು. "ಎರಡೂ ಕೀ ಕೊಟ್ಟು ಕೈ ತೊಳ್ಕೊಂಡೆ," ಎಂದು ಅವತ್ತು ಅವನೇ ಹೇಳಿದ್ದ.

"ಅಮ್ಮಾ, ಹೊರಗೆ ಅಷ್ಟು ಜನ ಬಂದು ಕೂತಿದ್ದಾರೆ, ನೀನಿಲ್ಲಿ ಬಟ್ಟೆ ನೆನೆಸ್ತಾ ಇದ್ದೀಯಲ್ಲಾ?" ಮಗಳು ಬಚ್ಚಲಿನ ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ಸುಮ್ನೆ ಕೂತ್ರೆ ಅಳು ಬರುತ್ತೆ ಕಣೇ. ಕೈ ಆಡ್ತಾ ಇದ್ರೆ ಹೇಗೋ ತಡ್ಕೋತೀನಿ."

"ಅಳು ಬಂದ್ರೆ ಅಳಮ್ಮ. ಇವತ್ತಲ್ದೆ ಇನ್ಯಾವತ್ತು ಅಳ್ತೀಯ?"

"ಸೋಪಿನ ಕೈ. ಕಣ್ಣು ಉರಿಯುತ್ತೆ, ಹೋಗು."

ಮಗಳು ಹೋದಳು. ಇಸ್ತ್ರಿ ಅಕ್ಕ ಅಂಗಿ ಹಿಂಡಿ ಹಿತ್ತಲ ಹಗ್ಗದ ಮೇಲೆ ಹರವಿ, ಕೀಯನ್ನು ಎಡಗೈ ಮುಷ್ಟಿಯಲ್ಲಿ ಬಿಗಿಹಿಡಿದು ಹೊರಗೆ ಬಂದಳು. ಮೊನ್ನೆ ಸಂಜೆ ತಿರುಗಾಟ ಮುಗಿಸಿ ಬಂದ ಗಂಡ ಕುರ್ಚಿಯಲ್ಲಿ ಕೂತು ಒಂದು ಬೂಟು ಬಿಚ್ಚಿದ್ದ. ಇನ್ನೊಂದು ಬಿಚ್ಚುವಷ್ಟರಲ್ಲಿ ಹೋಗಿಬಿಟ್ಟಿದ್ದ. ಅಂಥ ಸುಖದ ಸಾವು ಯಾರಿಗುಂಟು ಎಂದು ಬಂದವರೆಲ್ಲ ಹೇಳುತ್ತಿದ್ದರು. ಆಕೆಯ ತಲೆಯಲ್ಲಿ ಸುತ್ತುತ್ತಿದ್ದದ್ದು ಬೇರೆ. ಇಷ್ಟು ವರ್ಷವೂ ಇವರು ಈ ಕೀಯನ್ನು ಬಚ್ಚಿಟ್ಟುಕೊಂಡೇ ಓಡಾಡಿದರಾ? ಹೊರಗೆ ನಗುತ್ತಾ, ಒಳಗೊಳಗೇ ಆ ಗಾಡಿಗಾಗಿ ಕೊರಗುತ್ತಿದ್ದರಾ? ಬಿಡಿಸಿದವಳು ನಾನೇ ಅಲ್ಲವಾ?

*

ಅವನು ಲಿಫ್ಟ್ ರಿಪೇರಿಯವನು. ಹಾಗಾಗಿ ಎಲ್ಲರ ಬಾಯಲ್ಲೂ ಲಿಫ್ಟಣ್ಣ. ಆಫೀಸು, ಆಸ್ಪತ್ರೆ, ಅಂಗಡಿಗಳ ಲಿಫ್ಟಿನ ಗುಂಡಿಗಳಲ್ಲಿ ಇಳಿದು ಹತ್ತಿ ಮೈಯೆಲ್ಲ ಗ್ರೀಸು. "ವಾರವೆಲ್ಲಾ ಬರೀ ಮೇಲಕ್ಕೆ ಕೆಳಕ್ಕೆ ಹೋಗೋನು ನಾನು. ಭಾನುವಾರ ಒಂದು ದಿನನಾದ್ರೂ ಮುಂದಕ್ಕೆ ಹೋಗ್ಬೇಡ್ವಾ?" ಎನ್ನುತ್ತಾ ಗಾಡಿ ಹತ್ತುತ್ತಿದ್ದ. ಅವನಷ್ಟೇ ಗಾಡಿ ಹುಚ್ಚಿನ ಗೆಳೆಯ ಗುಡುಗಣ್ಣ ಮತ್ತವನ ಪಟಾಲಂ ಬೀದಿಯ ಮೂಲೆಯಲ್ಲಿ ಕಾಯುತ್ತಿತ್ತು. ಬೆಳಿಗ್ಗೆ ಹೋದರೆ ಸಂಜೆಗೆ ಧೂಳು ಮೆತ್ತಿಕೊಂಡು, ಗಂಟಲು ಕಟ್ಟಿಸಿಕೊಂಡು, ಖಾಲಿ ಟ್ಯಾಂಕಿನೊಂದಿಗೆ ವಾಪಸ್ಸು.

ಒಂದು ಭಾನುವಾರ ಸಂಜೆಯಾದರೂ ಬರಲಿಲ್ಲ. ಒದ್ದೆ ರಸ್ತೆಯ ತಿರುವಿನಲ್ಲಿ ಗಾಡಿ ಜಾರಿತ್ತು. ಆಸ್ಪತ್ರೆಯ ಮಂಚದ ಮೇಲೆ ಭುಜಕ್ಕೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದವನು ಹೆಂಡತಿಯನ್ನು ಕಂಡದ್ದೇ, "ಗಾಡಿಗೇನೂ ಆಗಿಲ್ಲ ಕಣೇ," ಎಂದ.

ಅದೊಂದು ಮಾತಿಗೆ ಆಕೆಯ ಪಿತ್ತ ನೆತ್ತಿಗೇರಿತು. "ಇನ್ನೊಂದು ಸಲ ಅದನ್ನ ಹತ್ತಿದ್ರೆ ನಾನು ನಿಮ್ಮ ಬಟ್ಟೆ ಮುಟ್ಟೋದಿಲ್ಲ. ಸುಕ್ಕು ಅಂಗಿ ಹಾಕ್ಕೊಂಡೇ ತಿರುಗಿ."

"ಇಸ್ತ್ರಿ ಅಕ್ಕನ ಗಂಡ ಸುಕ್ಕು ಅಂಗೀಲಿ! ನಿನ್ನ ಅಂಗಡಿ ಮರ್ಯಾದೆ ಏನಾಗ್ಬೇಕು?" ಎಂದು ನಕ್ಕ. ಆಕೆ ನಗಲಿಲ್ಲ. ಅವನು ಚಾವಣಿ ನೋಡುತ್ತಾ, "ಆಯ್ತು ಬಿಡು," ಎಂದ.

ಅಷ್ಟೇ. ಜಗಳವಿಲ್ಲ, ಮುನಿಸಿಲ್ಲ, ಒಂದು ಹೊತ್ತಿನ ಊಟ ಬಿಟ್ಟದ್ದಿಲ್ಲ. ಗಾಡಿಯನ್ನು ಗುಡುಗಣ್ಣನೇ ಕೊಂಡುಕೊಂಡ. ಅವನು ಒಂದು ದಿನವಾದರೂ ಕೂಗಾಡಿದ್ದರೆ ಆಕೆಗೆ ಸಮಾಧಾನವಾಗುತ್ತಿತ್ತು. ಇಷ್ಟು ಸಲೀಸಾಗಿ ಬಿಟ್ಟದ್ದೇ ಒಂದು ಮುಳ್ಳಾಗಿ ಉಳಿಯಿತು. ಬೀದಿಯಲ್ಲಿ ಯಾವುದಾದರೂ ಗಾಡಿ ಹೋದರೆ ಅವನ ತಲೆ ತಾನಾಗಿ ಕಿಟಕಿಯ ಕಡೆ ತಿರುಗುತ್ತಿತ್ತು. "ಚೈನು ಸಡಿಲ," ಎನ್ನುತ್ತಿದ್ದ, ಅಥವಾ "ಇವ್ನು ಆಯಿಲ್ ಬದಲಾಯಿಸಿಲ್ಲ." ಆಕೆ ಇಸ್ತ್ರಿ ಪೆಟ್ಟಿಗೆಯಿಂದ ಕಣ್ಣೆತ್ತದೆ ಅದನ್ನು ಕೇಳಿಸಿಕೊಳ್ಳುತ್ತಿದ್ದಳು.

*

ಗಾಡಿ ಹೋದ ಮೇಲೆ ಮೊದಲ ಕೆಲವು ಭಾನುವಾರ ಚೆನ್ನಾಗಿದ್ದ ನಲ್ಲಿಯನ್ನೇ ಬಿಚ್ಚಿ ಬಿಚ್ಚಿ ಜೋಡಿಸಿದ. ನಲ್ಲಿ ಸೋರತೊಡಗಿತು. ಆಕೆಗೆ ಭಯವಾಯಿತು. ಅಷ್ಟರಲ್ಲಿ ಅವನೇ ಒಂದು ಕಾನೂನು ಮಾಡಿಕೊಂಡ.

"ನೋಡು, ಹೊಸ ಹವ್ಯಾಸ ಹುಡುಕ್ತೀನಿ. ಷರತ್ತು ಎರಡೇ. ಒಂದು ಟ್ಯಾಂಕ್ ಪೆಟ್ರೋಲಿಗಿಂತ ಅಗ್ಗ ಇರ್ಬೇಕು. ಮೊದಲ್ನೇ ದಿನಾನೇ ನಗು ಬರ್ಬೇಕು."

"ಯಾರಿಗೆ ನಗು ಬರ್ಬೇಕು?"

"ನಂಗೆ. ನಿಂಗೂ ಬಂದ್ರೆ ಅದು ಲಾಭ."

ಮೊದಲು ಚಿತ್ರ ಬಿಡಿಸಲು ಹೊರಟ. ಹಳೇ ಕ್ಯಾಲೆಂಡರಿನ ಬೆನ್ನಿಗೆ ಹೆಂಡತಿಯ ಮುಖ ಬರೆದ. ಮಗಳು ನೋಡಿ, "ಅಪ್ಪಾ, ವಾಷಿಂಗ್ ಮೆಷೀನ್ ತುಂಬಾ ಚೆನ್ನಾಗಿ ಬಂದಿದೆ," ಎಂದಳು. ಆಮೇಲೆ ಈಜು. ಸಾರ್ವಜನಿಕ ಕೊಳದಿಂದ ಇನ್ಯಾರದೋ ಪ್ಯಾಂಟು ಹಾಕಿಕೊಂಡು ಬಂದ. ಅದರ ಯಜಮಾನ ಇವನ ಪ್ಯಾಂಟು ಹಾಕಿಕೊಂಡು ಹುಡುಕಿಕೊಂಡು ಬಂದ. ಆ ಮನುಷ್ಯ ಬಸ್ ಕಂಡಕ್ಟರು. ಅವನ ಬಳಿ ಒಂದು ಹಳೇ ಮೌತ್ ಆರ್ಗನ್ ಇತ್ತು. ಪ್ಯಾಂಟಿನ ಜತೆ ಅದೂ ಕೈಬದಲಾಯಿತು. ಲಿಫ್ಟಣ್ಣ ಊದಲು ಕೂತರೆ ಬೀದಿನಾಯಿಗಳು ಸಾಲಾಗಿ ಬಂದು ಮುಖವೆತ್ತಿ ಜತೆಗೂಡುತ್ತಿದ್ದವು. "ನನ್ನ ಬಸ್ಸಲ್ಲೂ ಇಷ್ಟು ಶಿಸ್ತಾಗಿ ಯಾರೂ ಕೂತಿಲ್ಲ," ಎನ್ನುತ್ತಿದ್ದ ಕಂಡಕ್ಟರು.

ಗಾಳಿಪಟದ ಜತೆಗಾತಿ ಅಂಚೆ ಅಕ್ಕ, ಕೆಲಸದಿಂದ ನಿವೃತ್ತಳಾದ ಪೋಸ್ಟ್‌ವುಮನ್. ಊರ ಹೊರಗಿನ ಬಯಲಿನಲ್ಲಿ ಇಬ್ಬರೂ ಹಳೇ ಪೇಪರಿನ ಪಟ ಹಾರಿಸಿ, ಕೊನೆಗೆ ಯಾವುದಾದರೂ ಮರಕ್ಕೆ ಅದನ್ನು ಒಪ್ಪಿಸಿ ಬರುತ್ತಿದ್ದರು. "ಸರಿಯಾದ ವಿಳಾಸಕ್ಕೆ ತಲುಪಿಸಿದ್ವಿ," ಎನ್ನುವುದು ಅಂಚೆ ಅಕ್ಕನ ಮಾತು.

ಯಾವುದರಲ್ಲೂ ಅವನ ಕೈ ಪಳಗಲಿಲ್ಲ. ಹಾಗೆಂದು ಯಾವುದನ್ನೂ ಬಿಡಲೂ ಇಲ್ಲ. ವಾರದ ಸಂಜೆಗಳನ್ನು ಹಂಚಿಕೊಂಡು ತಿರುಗಿದ. ಕೊನೆಗೆ ಹೆಚ್ಚಿನ ಸಂಜೆಗಳು ಸಲೂನಿನವನ ಅಂಗಡಿಯಲ್ಲಿ ಕಳೆಯತೊಡಗಿದವು. "ಏನ್ ಮಾಡ್ತೀರಿ ಅಲ್ಲಿ ದಿನಾ? ತಲೇಲಿ ಕೂದಲೇ ಇಲ್ಲ," ಎಂದರೆ, "ಇರೋ ನಾಲ್ಕಕ್ಕೇ ಜಾಸ್ತಿ ಆರೈಕೆ ಬೇಕು," ಎಂದು ಹಾರಿಸಿಬಿಡುತ್ತಿದ್ದ.

*

ಬೀದಿಯ ಕಡೆಯಿಂದ ಏದುಸಿರಿನ ಸದ್ದು ಬಂತು. ಗುಡುಗಣ್ಣ ಮತ್ತು ಪಟಾಲಂ ಬಂದಿದ್ದರು. ಎಲ್ಲರೂ ಮುದುಕರು, ಎಲ್ಲರ ಬಳಿಯೂ ಗಾಡಿ. ಆದರೆ ಒಬ್ಬನೂ ಗಾಡಿಯ ಮೇಲಿರಲಿಲ್ಲ. ಎಲ್ಲರೂ ತಳ್ಳಿಕೊಂಡು ಬಂದಿದ್ದರು. ಗುಡುಗಣ್ಣ ತಳ್ಳಿಕೊಂಡು ಬಂದದ್ದು ಲಿಫ್ಟಣ್ಣನ ಹಳೇ ಗಾಡಿಯನ್ನು. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಇದೇನು ಗುಡುಗಣ್ಣಾ, ಎಲ್ಲರದ್ದೂ ಒಂದೇ ದಿನ ಕೆಟ್ಟೋಯ್ತಾ?" ಎಂದಳು ಇಸ್ತ್ರಿ ಅಕ್ಕ.

ಅವನು ತಲೆ ತಗ್ಗಿಸಿದ. ಗಂಟಲು ತೆರೆದರೆ ಬೀದಿ ನಡುಗಿಸುವ ಮನುಷ್ಯ ಪಿಸುಗುಟ್ಟುವಂತೆ ಹೇಳಿದ: "ಇಲ್ಲ ಅತ್ತಿಗೆ. ನಿಮ್ಗೆ ಇದರ ಸದ್ದು ಆಗಲ್ಲ ಅಂತ... ತಂದ್ರೆ ನಿಮ್ಗೆ ನೋವು, ಬಿಟ್ಟು ಬಂದ್ರೆ ಅವನಿಗೆ ನೋವು. ಅದಕ್ಕೇ ಎರಡಕ್ಕೂ ನಡುವೆ, ತಳ್ಕೊಂಡು ಬಂದ್ವಿ."

ಆಕೆ ಚೊಂಬು ಮುಂದೆ ಹಿಡಿದಳು. "ನೀರು ಕುಡೀರಿ ಮೊದ್ಲು," ಎಂದಳು.

ಹೆಣದ ಗಾಡಿ ನಿಧಾನವಾಗಿ ಹೊರಟಿತು. ಸ್ಮಶಾನ ದೂರವೇನಲ್ಲ, ಎಲ್ಲರೂ ನಡೆದೇ ಹೊರಟರು. ಕಂಡಕ್ಟರು, ಅಂಚೆ ಅಕ್ಕ, ಸಲೂನಿನವನು, ಹಿಂದೆ ಮೋಟರ್ ಸೈಕಲ್ ತಳ್ಳುವ ಮುದುಕರ ಸಾಲು. ಏರು ಬಂದಲ್ಲಿ ಕಂಡಕ್ಟರು ಒಬ್ಬರ ಗಾಡಿಗೆ ಕೈಕೊಟ್ಟು, "ಮುಂದೆ ಜಾಗ ಇದೆ, ಮುಂದೆ ಹೋಗಿ, ಮುಂದೆ ಹೋಗಿ," ಎಂದು ಅಭ್ಯಾಸದ ಮಾತು ಆಡಿ ನಾಲಿಗೆ ಕಚ್ಚಿಕೊಂಡ. ಮಗಳು ಕಣ್ಣೀರಿನ ನಡುವೆಯೇ ಕಿಸಕ್ಕೆಂದಳು.

ಇಸ್ತ್ರಿ ಅಕ್ಕ ಬೇಕೆಂದೇ ಹಿಂದುಳಿದು ಗುಡುಗಣ್ಣನ ಪಕ್ಕ ನಡೆದಳು. ಮುಷ್ಟಿಯಲ್ಲಿ ಕೀ ಬೆವೆತಿತ್ತು. ಸಲೂನಿನವನು ಮತ್ತೆ ಮತ್ತೆ ಹಿಂದೆ ತಿರುಗಿ ಆ ಮುಷ್ಟಿಯನ್ನೇ ನೋಡುತ್ತಿದ್ದ. ಇವನಿಗೇನಾಗಿದೆ ಎಂದುಕೊಂಡಳು.

"ಗುಡುಗಣ್ಣಾ, ಒಂದು ಮಾತು ಕೇಳ್ತೀನಿ, ಮುಚ್ಚುಮರೆ ಮಾಡ್ದೆ ಹೇಳಿ. ಇವರು ನಿಮ್ಮ ಮನೆಗೆ ಬಂದು ಈ ಗಾಡಿ ಓಡಿಸ್ತಿದ್ರಾ? ನನಗೆ ಗೊತ್ತಿಲ್ಲದ ಹಾಗೆ?"

"ಓಡಿಸೋದಾ!" ಗುಡುಗಣ್ಣನ ಒಳಗಿದ್ದ ಹಳೇ ನೋವು ಹೊರಬಿತ್ತು. "ಮಾರೋವಾಗ, 'ಒಂದು ಕೀ ನನ್ನ ಹತ್ರಾನೇ ಇರ್ಲಿ' ಅಂದ. ಸರಿ, ಯಾವತ್ತಾದ್ರೂ ಬರ್ತಾನೆ ಅಂತ ನಾನೂ ಪ್ರತಿ ಭಾನುವಾರ ಗಾಡೀನ ರಸ್ತೆ ಕಡೆಗೆ ತಿರುಗಿಸಿ ನಿಲ್ಲಿಸ್ತಿದ್ದೆ. ಒಂದೇ ಒಂದು ಸಲ ಬಂದ ಅತ್ತಿಗೆ. ಗಾಡೀನ ಒಂದು ಸುತ್ತು ನೋಡಿದ. 'ಕನ್ನಡಿ ಒರೆಸಿಡೋ' ಅಂದ. ಆಮೇಲೆ, 'ಹಳೇ ಟ್ಯೂಬಿನ ರಬ್ಬರ್ ಇದ್ಯಾ, ಗಾಳಿಪಟದ ಕಡ್ಡಿ ಬಿಗಿಯೋಕೆ ಬೇಕು' ಅಂದ. ಇಸ್ಕೊಂಡು ಹೋದ. ನನಗೆಷ್ಟು ಬೇಜಾರಾಗಿರ್ಬೇಡ! ಇಷ್ಟೊಳ್ಳೇ ಗಾಡಿ ಬಿಟ್ಟು ಪೇಪರ್ ಹಾರಿಸ್ತಾನಂತೆ."

"ಮತ್ತೆ ಕೀ ಯಾಕೆ ಇಟ್ಕೊಂಡ್ರು?"

"ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ. ಮರೀತಾನೇ ಬಂದೆ."

ಅಷ್ಟರಲ್ಲಿ ಗೇಟು ಬಂತು.

ಪಟಾಲಮ್ಮಿನಲ್ಲಿ ಒಂದು ವಾಡಿಕೆಯಿತ್ತು. ಜತೆಗಾರನೊಬ್ಬ ಹೋದರೆ ಉಳಿದವರು ಸ್ಮಶಾನದ ಗೇಟಿನ ಹೊರಗೆ ಸಾಲಾಗಿ ನಿಂತು, ಎಲ್ಲರೂ ಒಟ್ಟಿಗೆ ಇಂಜಿನ್ ಚಾಲೂ ಮಾಡಿ, ಅವನು ಒಳಗೆ ಹೋಗುವವರೆಗೂ ಸದ್ದು ಮಾಡುತ್ತಿದ್ದರು. ಇವತ್ತು ಅವರು ಸಾಲಾಗಿ ನಿಂತರು, ಕೈ ಹ್ಯಾಂಡಲ್ಲಿನ ಮೇಲೆ, ಕಣ್ಣು ನೆಲದ ಮೇಲೆ. ಯಾರೂ ಚಾಲೂ ಮಾಡಲಿಲ್ಲ. ಲಿಫ್ಟಣ್ಣ ಸದ್ದಿಲ್ಲದೆ ಒಳಗೆ ಹೋಗಲಿದ್ದ. ಇಸ್ತ್ರಿ ಅಕ್ಕ ಗುಡುಗಣ್ಣನ ಕಡೆ ತಿರುಗಿದಳು.

"ಸ್ಟಾರ್ಟ್ ಮಾಡಿ," ಎಂದಳು.

"ಅತ್ತಿಗೆ?"

"ಮಾಡ್ರೀ! ಬದುಕಿದ್ದಾಗ ಸುಮ್ನಿದ್ದೋರಲ್ಲ ಅವರು. ಇವತ್ತೊಂದಿನ ಯಾಕೆ ಈ ಮೌನ?"

ಮುದುಕರ ಮುಖಕ್ಕೆ ಜೀವ ಬಂತು. ಒಂದೊಂದಾಗಿ ಇಂಜಿನ್ನುಗಳು ಎದ್ದವು. ಸಾಲಿನ ನಡುವೆ ಒಂದು ಗಾಡಿ ಮಾತ್ರ ತೆಪ್ಪಗಿತ್ತು. ಗುಡುಗಣ್ಣ ಪ್ಯಾಂಟಿನ ಜೇಬು ತಡಕಿದ, ಅಂಗಿಯ ಜೇಬು ತಡಕಿದ, ಮತ್ತೆ ಪ್ಯಾಂಟು.

"ಕೀ ಎಲ್ಲೋ?" ಪಕ್ಕದವನು ಕಿರುಚಿದ.

"ಮನೇಲಿ! ತಳ್ಕೊಂಡು ಹೋಗೋದಕ್ಕೆ ಕೀ ಯಾಕೆ ಅಂತ ಗೋಡೆ ಮೊಳೇಲೇ ಬಿಟ್ಟು ಬಂದೆ ಕಣೋ!"

"ಗುಡುಗು ಗುಡುಗು ಅಂತಾರೆ, ಮಳೇನೇ ಇಲ್ಲ," ಎಂದಳು ಅಂಚೆ ಅಕ್ಕ.

ಇಸ್ತ್ರಿ ಅಕ್ಕ ಮುಂದೆ ಬಂದು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಕೀಯ ಹಲ್ಲಿನ ಗುರುತು ಮೂಡಿತ್ತು. ಗುಡುಗಣ್ಣ ಅದನ್ನು ಕಂಡು ಬಾಯಿ ತೆರೆದ. ಅವನ ಬಾಯಿಂದ ಮಾತು ಬರುವ ಮುಂಚೆಯೇ ಸಲೂನಿನವನು ಜನರನ್ನು ಸೀಳಿಕೊಂಡು ಓಡಿ ಬಂದ.

"ಅಯ್ಯೋ ಅಕ್ಕಾ, ಕೊಡ್ಬೇಡಿ! ಅದು ನಮ್ಮ ಕುದುರೆ!"

ಇಂಜಿನ್ನುಗಳ ಸದ್ದಿನಲ್ಲೂ ಎಲ್ಲರಿಗೂ ಕೇಳಿಸಿತು. ಸಾಲಿನವರೆಲ್ಲ ಅವನನ್ನೇ ನೋಡಿದರು.

"ಏನಂದೆ?" ಎಂದಳು ಇಸ್ತ್ರಿ ಅಕ್ಕ.

"ಚೆಸ್ಸಿನ ಕುದುರೆ ಅಕ್ಕಾ! ನಮ್ಮ ಮಣೇಲಿ ಬಿಳೀ ಕುದುರೆ ಒಂದು ಕಳೆದುಹೋಗಿ ವರ್ಷಗಳಾಯ್ತು. ಅದರ ಜಾಗದಲ್ಲಿ ಈ ಕೀನೇ ಇಟ್ಟು ಆಡ್ತಿರೋದು. ಮೊನ್ನೆ ಆಟ ಅರ್ಧಕ್ಕೆ ನಿಂತಿದೆ. ಬೆಳಿಗ್ಗೆಯಿಂದ ನಿಮ್ಮ ಕೈಯಲ್ಲಿ ಆ ಚರ್ಮದ ಪಟ್ಟಿ ಕಾಣಿಸ್ತಿತ್ತು. ಹೆಣದ ಮನೇಲಿ ಕುದುರೆ ಕೊಡಿ ಅಂತ ಹೇಗೆ ಕೇಳೋದು?"

"ನನ್ನ ಗಾಡಿ ಕೀ, ನಿಂಗೆ ಕುದುರೆನಾ?" ಗುಡುಗಣ್ಣ ತನ್ನ ನಿಜವಾದ ಗಂಟಲಿಗೆ ವಾಪಸ್ಸಾದ.

"ಎಷ್ಟೋ ವರ್ಷದಿಂದ ಕುದುರೆನೇ ಅದು! ಕೀ ಆಗ್ತಿರೋದು ಇವತ್ತೇ!"

ಮೊದಲು ಮಗಳು ನಕ್ಕಳು. ಆಮೇಲೆ ಕಂಡಕ್ಟರು. ಆಮೇಲೆ ತಡೆಯಲಾರದೆ ಇಸ್ತ್ರಿ ಅಕ್ಕನೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಬೆಳಗಿನಿಂದ ತಡೆದಿಟ್ಟಿದ್ದ ಕಣ್ಣೀರು ಆ ನಗುವಿನ ಜತೆಗೇ ಇಳಿಯಿತು. "ಈಗ ಒಂದು ಸಲ ಕೀ ಆಗ್ಲಿ ಬಿಡಪ್ಪ," ಎಂದಳು. "ಆಮೇಲೆ ಕುದುರೆ ಮಾಡ್ಕೋ."

ಕೀ ಸಲೀಸಾಗಿ ತಿರುಗಿತು. ಗಾಡಿ ಏಳಲಿಲ್ಲ. ಗುಡುಗಣ್ಣ ಒದ್ದ, ಒದ್ದ, ಸುಸ್ತಾದ. ಕೊನೆಗೆ ಕಂಡಕ್ಟರು, ಅಂಚೆ ಅಕ್ಕ, ಸಲೂನಿನವನು ಮೂವರೂ ಹಿಂದೆ ನಿಂತು ತಳ್ಳಿದರು. ಮೌತ್ ಆರ್ಗನ್, ಗಾಳಿಪಟ, ಚೆಸ್ಸು, ಮೂರೂ ಸೇರಿ ತಳ್ಳಿದಂತೆ. ಗೇಟಿನ ಮುಂದೆ ಗಾಡಿ ಒಂದು ಸಲ ಕೆಮ್ಮಿ, ಹೊಗೆ ಉಗುಳಿ, ಎದ್ದಿತು. ಆ ಸದ್ದಿನ ನಡುವೆ ಲಿಫ್ಟಣ್ಣ ಒಳಗೆ ಹೋದ.

"ಚೈನು ಸಡಿಲ," ಎಂದಳು ಇಸ್ತ್ರಿ ಅಕ್ಕ, ಯಾರಿಗೂ ಕೇಳಿಸದಂತೆ.

*

ಸಂಜೆ ಬಂದವರೆಲ್ಲ ಚದುರಿದ ಮೇಲೆ ಆಕೆ ಮಗಳಿಗೆ ಹೇಳಿ ಸಲೂನಿಗೆ ಹೋದಳು. ಅವನು ಬಾಗಿಲು ಅರ್ಧ ತೆರೆದು ಕಾಯುತ್ತಿದ್ದ. ಕನ್ನಡಿಯ ಕೆಳಗೆ, ಪೌಡರ್ ಡಬ್ಬಿಗಳ ಪಕ್ಕದಲ್ಲಿ, ಚೆಸ್ಸಿನ ಮಣೆಯನ್ನು ಒಗೆದ ಟವೆಲ್ಲಿನಿಂದ ಮುಚ್ಚಿಟ್ಟಿದ್ದ. ತೆಗೆದರೆ ಕಾಯಿಗಳೆಲ್ಲ ನಿಂತಿದ್ದವು, ಒಂದು ಚೌಕದಲ್ಲಿ ಮಾತ್ರ ಸೀಮೆಸುಣ್ಣದ ಗುರುತು.

"ಯಾಕೆ ಜೇಬಲ್ಲಿ ಹಾಕ್ಕೊಂಡು ಹೋಗ್ತಿದ್ರು? ಇಲ್ಲೇ ಬಿಡೋದಲ್ವಾ?"

ಸಲೂನಿನವನು ಕತ್ತು ಕೆರೆದುಕೊಂಡ. "ಒಂದು ಸಲ ಅವರು ಹೋದ್ಮೇಲೆ ನಾನೊಂದು ಕಾಯಿ ಜರುಗಿಸಿಬಿಟ್ಟಿದ್ದೆ ಅಕ್ಕಾ. ಆಮೇಲಿಂದ ಆಟ ನಿಂತ್ರೆ ಕುದುರೆ ಜೇಬಿಗೆ. 'ಕುದುರೆ ಇಲ್ದೆ ಏನು ಮೋಸ ಮಾಡ್ತೀಯೋ ಮಾಡು' ಅನ್ನೋರು. ಮೊನ್ನೆ ಹೋಗುವಾಗ ಬಾಗಿಲಲ್ಲಿ ನಿಂತು, 'ನಾಳೆ ಬಂದು ಈ ಕುದುರೇಲಿ ನಿನ್ನ ಕತೆ ಮುಗಿಸ್ತೀನಿ' ಅಂದ್ರು. ಎರಡು ದಿನದಿಂದ ನೋಡ್ತಿದ್ದೀನಿ. ಯಾವ ನಡೆ ಅಂತ ಹೊಳೀತಾನೇ ಇಲ್ಲ."

"ಗೆಲ್ತಿದ್ರಾ ಯಾವಾಗ್ಲಾದ್ರೂ?"

"ಅಪರೂಪ. ಸೋತ್ರೆ ಗೆದ್ದೋರಿಗಿಂತ ಜೋರಾಗಿ ನಗೋರು."

ಆಕೆ ಕೀಯನ್ನು ಗುರುತಿನ ಚೌಕದಲ್ಲಿಟ್ಟಳು. ಇಟ್ಟವಳು ಕೈ ತೆಗೆಯಲಿಲ್ಲ. "ನಿಮ್ಮ ಕುದುರೆ ಕಳೆದ ದಿನ ಇದು ಅವರಿಗೆ ಎಲ್ಲಿ ಸಿಕ್ತು?"

"ಜೇಬಿಂದ ತೆಗೆದ್ರು."

"ಅಂದ್ರೆ ಅದಕ್ಕೂ ಮುಂಚೇನೇ ಜೇಬಲ್ಲಿಟ್ಕೊಂಡು ಓಡಾಡ್ತಿದ್ರು."

"ಹೌದಲ್ವಾ," ಎಂದ ಅವನು, ಈಗ ಹೊಳೆದವನಂತೆ. "ಯಾಕೆ ಅಂತ ನಾನು ಕೇಳ್ಲಿಲ್ಲ ಅಕ್ಕಾ. ಅವರು ಹೇಳ್ಲಿಲ್ಲ. ಚೌಕದಲ್ಲಿಟ್ಟು, 'ಇನ್ಮೇಲೆ ಇದಕ್ಕೂ ಒಂದು ಕೆಲಸ ಆಯ್ತು' ಅಂದ್ರು. ಅಷ್ಟೇ."

ಆಕೆ ಕುರ್ಚಿ ಎಳೆದುಕೊಂಡು ಕೂತಳು. "ಕುದುರೆ ಹೇಗೆ ಹೋಗುತ್ತೆ, ಹೇಳು."

"ಎರಡು ಮನೆ ನೆಟ್ಟಗೆ, ಒಂದು ಮನೆ ಪಕ್ಕಕ್ಕೆ. ಅಡ್ಡ ಯಾರೇ ಇದ್ರೂ ಹಾರಿ ಹೋಗುತ್ತೆ."

"ಸಿಗ್ನಲ್ಲೂ ನೋಡಲ್ವಾ?"

"ಏನೂ ನೋಡಲ್ಲ."

"ಹಾಗಾದ್ರೆ ಇದು ಅವರದ್ದೇ ಗಾಡಿ ಬಿಡು," ಎಂದು ಆಕೆ ಬೆರಳಿನಿಂದ ಮನೆ ಎಣಿಸಿ, ಕೀಯನ್ನು ಎತ್ತಿ, ಎರಡು ಸಿಪಾಯಿಗಳ ತಲೆ ಮೇಲಿಂದ ಹಾರಿಸಿ ಇಟ್ಟಳು. ಸಲೂನಿನವನು ಮುಂದಕ್ಕೆ ಬಾಗಿ ನೋಡಿದ. ಕನ್ನಡಿಯಲ್ಲೂ ಒಮ್ಮೆ ನೋಡಿದ.

"ಇದೇನಾ ಅವರು ಅಂದ್ಕೊಂಡಿದ್ದ ನಡೆ?"

"ಗೊತ್ತಿಲ್ಲ ಅಕ್ಕಾ. ನನ್ನ ಕತೆ ಮುಗೀಲಿಲ್ಲ. ಆದ್ರೆ ನನ್ನ ಆನೆ ಹೋಗೋ ಹಾಗಿದೆ."

"ಯೋಚನೆ ಮಾಡ್ಕೋ. ನಾಳೆ ಬರ್ತೀನಿ," ಎಂದು ಆಕೆ ಆ ಚೌಕದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಕೀಯನ್ನು ಎತ್ತಿಕೊಂಡಳು.

"ಅಕ್ಕಾ, ಕುದುರೆ!"

"ನಿನ್ನ ನಂಬೋ ಹಾಗಿಲ್ಲ ಅಂತ ಈಗ ನೀನೇ ಹೇಳಿದ್ಯಲ್ಲಪ್ಪ."

ಮನೆಗೆ ಬಂದಾಗ ಹಿತ್ತಲಿನಲ್ಲಿ ಇನ್ನೂ ಬೆಳಕಿತ್ತು. ಹಗ್ಗದ ಮೇಲಿನ ಅಂಗಿ ಒಣಗಿ, ಮೈತುಂಬ ಸುಕ್ಕಾಗಿ, ಗಾಳಿಗೆ ಆಡುತ್ತಿತ್ತು. ಜೇಬು ನೋಡದೆ ಯಾರ ಅಂಗಿಯನ್ನೂ ಮುಟ್ಟದವಳು ಅದರ ಜೇಬಿಗೆ ಕೀಯನ್ನು ಇಳಿಬಿಟ್ಟಳು. ಅಂಗಿ ಆ ಭಾರಕ್ಕೆ ತಿರುವಿನಲ್ಲಿ ವಾಲುವ ಗಾಡಿಯ ಹಾಗೆ ಒಂದು ಪಕ್ಕಕ್ಕೆ ವಾಲಿ, ಹಾಗೇ ತೂಗತೊಡಗಿತು.

ಕುದುರೆಯಾಗುವ ಮುಂಚೆ ಆ ಕೀಯನ್ನು ಲಿಫ್ಟಣ್ಣ ಯಾಕೆ ಇಟ್ಟುಕೊಂಡಿದ್ದ, ಅಷ್ಟು ವರ್ಷ ಅದು ಜೇಬು ತಡಕುವ ಹೆಂಡತಿಯ ಕಣ್ಣು ತಪ್ಪಿಸಿ ಮನೆಯಲ್ಲಿ ಎಲ್ಲಿತ್ತು, ಇವೆರಡೂ ಆಕೆಗೆ ಗೊತ್ತಾಗಿಲ್ಲ. ಕತೆ ಹೇಳಿದವರಿಗೂ ಗೊತ್ತಿಲ್ಲ.